ಸೊನ್ನೆಗೆ ಜಾಗ

ಯಶೋಧಾ ಬೀಜ ಮುಟ್ಟುವಂತಿರಲಿಲ್ಲ.

ಹಾಗಂತ ಯಾರೂ ಡಂಗುರ ಸಾರಿರಲಿಲ್ಲ. ಆದರೆ ಊರಿಗೆಲ್ಲ ಗೊತ್ತಿತ್ತು. ಕಳೆ ಕೀಳಲು ಅವಳು ಬೇಕು. ಕಬ್ಬು ಕಡಿದು ಹೊರೆ ಕಟ್ಟಲು ಬೇಕು. ತೊಗರಿ ಕೊಯ್ಯಲು, ಬಡಿಯಲು, ಚೀಲ ಹೊರಲು ಬೇಕು. ಮಳೆಯಾಗಿ ಬಿತ್ತುವ ಕೂರಿಗೆ ಹೊರಬಿದ್ದ ದಿನ ಮಾತ್ರ ಅವಳ ಬಾಗಿಲಿಗೆ ಬಂದು ಯಾರೂ ಕರೆಯುತ್ತಿರಲಿಲ್ಲ.

"ಮೊದಲ ಕೇರಿಯಾಕಿ, ಮ್ಯಾಲ ಬಂಜಿ. ಆಕಿ ಕೈಯಾಗ ಬೀಜ ಕೊಟ್ಟು ಹೊಲ ಹಾಳ ಮಾಡ್ಕೊಳ್ಳೂಣೇನು?" ಎಂದು ಗೌಡರ ಮನೆಯ ಹೆಂಗಸು ಒಮ್ಮೆ ಅಂದಿದ್ದಳು. ಮರೆಯಲ್ಲಿ ಅಲ್ಲ, ಎದುರಿಗೇ. ಯಶೋಧಾ ತಲೆಯ ಮೇಲಿನ ಗೊಬ್ಬರದ ಬುಟ್ಟಿ ಇಳಿಸದೆ ಕೇಳಿಸಿಕೊಂಡಿದ್ದಳು.

ಊರವರ ಹೊಲದ ಮಾತು ಇರಲಿ. ಆಲಮೇಲದ ರಸ್ತೆಗೆ ಹತ್ತಿದ ಸ್ವಂತ ಎರಡೆಕರೆಯಲ್ಲೂ ಅದೇ ಕಾನೂನು. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು ಹೆಂಗಸರ ಕೆಲಸ. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ಹಿಂದೆ ನಡೆಯುತ್ತ, ಬೆರಳ ಸಂದಿಯಿಂದ ಒಂದೇ ಸಮ ಬಿಡಬೇಕು. ಅರವತ್ತು ದಾಟಿದ ಅತ್ತೆ ಸುಂದರವ್ವ ಮೊಣಕಾಲು ಹಿಡಿದುಕೊಂಡು ಆ ಕೆಲಸ ಮಾಡುತ್ತಿದ್ದಳು. ಸಾಲಿನ ಕೊನೆಗೊಮ್ಮೆ "ಯವ್ವಾ" ಎಂದು ಕುಂತು ಏಳುತ್ತಿದ್ದಳು. ಮೂವತ್ತೊಂದರ ಗಟ್ಟಿ ಸೊಸೆ ಬದುವಿನ ಮೇಲೆ ನೀರಿನ ಕೊಡ ಹಿಡಿದು ನಿಂತಿರುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷ. ಮೊದಲ ಎರಡು ಬಿತ್ತನೆ ಬಿಟ್ಟರೆ ಉಳಿದ ಏಳು ಬಿತ್ತನೆ ಹೀಗೆ ನಿಂತೇ ಕಳೆದಿದ್ದಳು.

ಈ ಸಲವೂ ಬೀಜದ ಪರೀಕ್ಷೆ ನಡೆದಿತ್ತು. ಗಂಡ ಪ್ರೇಮಕುಮಾರ ಪ್ರತಿ ವರ್ಷ ಅದನ್ನು ತಪ್ಪಿಸುವವನಲ್ಲ. ತೊಗರಿ ಚೀಲದಿಂದ ನೂರು ಕಾಳು ಎಣಿಸಿ ತೆಗೆಯುತ್ತಿದ್ದ. ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಒಳಗಿನ ಮೂಲೆಯಲ್ಲಿ ನಿಲ್ಲಿಸುತ್ತಿದ್ದ. ದಿನಾ ನೀರು ತರುವುದು ಯಶೋಧಾಳ ಕೆಲಸ. ಚಿಮುಕಿಸುವುದು ಸುಂದರವ್ವನ ಕೆಲಸ.

ಐದನೆಯ ದಿನ ಸುಂದರವ್ವ ಸುರುಳಿ ಬಿಚ್ಚಿದಳು. ಬಿಳಿ ಮೊಳಕೆ ಒಡೆದಿದ್ದನ್ನು ಒಂದು ಕಡೆ, ಕಪ್ಪಾಗಿ ಕೊಳೆತಿದ್ದನ್ನು ಒಂದು ಕಡೆ ಮಾಡಿ ಎಣಿಸಿದಳು.

"ಎಂಬತ್ತಾರು ನಾಟ್ಯಾವ. ಹದಿನಾಕು ಸತ್ತಾವ."

"ಬಿತ್ತಾಕ ಅಡ್ಡಿಯಿಲ್ಲ," ಅಂದ ಪ್ರೇಮಕುಮಾರ.

ಹೋದ ವರ್ಷ ನಲವತ್ತೂ ನಾಟಿರಲಿಲ್ಲ. ಅವನು ಚೀಲ ಹೊತ್ತುಕೊಂಡು ಸಿಂದಗಿಯ ಅಂಗಡಿಗೆ ಹೋಗಿ, ಮಂದಿ ಕೂಡುವ ಹಾಗೆ ಜಗಳ ಮಾಡಿ, ಚೀಲ ಬದಲಿಸಿಕೊಂಡು ಬಂದಿದ್ದ. ಆ ಕತೆಯನ್ನು ವರ್ಷವಿಡೀ ಹೇಳಿದ. "ಬೀಜ ನೋಡದ ಬಿತ್ತಾಕ ನಾ ಏನ ಹುಚ್ಚ ಅದೇನೇನು? ಮೊದಲ ಬೀಜ ನೋಡಬೇಕು, ಆಮ್ಯಾಲ ನೆಲಕ್ಕ ಬೈಬೇಕು. ಹೌದಿಲ್ಲ?" ಕೇಳಿದವರು ಹೌದು ಅನ್ನುತ್ತಿದ್ದರು. ಯಶೋಧಾಳಿಗೂ ಗಂಡನ ಜಾಣತನ ಕಂಡು ಒಳಗೊಳಗೆ ಹೆಮ್ಮೆ.

"ನಾಡದು ಕೂರಿಗಿ ಹೂಡೂಣು," ಅಂದ ಪ್ರೇಮಕುಮಾರ. "ನಾಳಿ ಸಿಂದಗಿ ಐತಿ."

ಆ ಮನೆಯಲ್ಲಿ ಸಿಂದಗಿ ಎಂದರೆ ಪೇಟೆಯಲ್ಲ, ಸಂತೆಯಲ್ಲ. ಮಕ್ಕಳಾಗದವರ ದವಾಖಾನೆ.

ಸುಂದರವ್ವ ಸತ್ತ ಹದಿನಾಲ್ಕು ಕಾಳನ್ನು ಕೋಳಿಗೆ ಎಸೆದಳು. "ಈ ಸಲರ ಏನರ ಆಗಲಿ ಯವ್ವಾ," ಅಂದಳು. ಬೈದಂತೆಯೂ ಇತ್ತು, ಬೇಡಿಕೊಂಡಂತೆಯೂ ಇತ್ತು. "ನನ್ನ ಮಗ ಅಂತ ಸಂಬಾಳಿಸಿಕೊಂಡ ಹೊಂಟಾನ. ಬ್ಯಾರೆ ಗಂಡಸಾಗಿದ್ರ ಯಾವತ್ತೋ ಇನ್ನೊಬ್ಬಾಕಿನ ತರತಿದ್ದ."

ಅದು ನಿಜ. ಸುಂದರವ್ವ ತನ್ನ ತವರಿನ ಕಡೆಯ, ಗೊಳಸಂಗಿಯ ಒಂದು ಹುಡುಗಿಯನ್ನು ನೋಡಿಯೂ ಇಟ್ಟಿದ್ದಳು. ಪ್ರೇಮಕುಮಾರ ಒಲ್ಲೆ ಅಂದ. ಮೂರು ದಿನ ಊಟ ಬಿಟ್ಟ. "ಮಕ್ಕಳಾಗಲಿಲ್ಲಂದ್ರೂ ನನಗ ಯಶೋಧಾನ ಸಾಕು," ಅಂದ. ಕೇರಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ದೇವರಂಥ ಗಂಡ ಅಂದರು. ಅಂದಿನಿಂದ ಯಶೋಧಾ ಅವನು ಉಂಡ ತಟ್ಟೆಯನ್ನು ಅವನಿಗೆ ಎತ್ತಲು ಬಿಡಲಿಲ್ಲ. ಕಬ್ಬು ಕಡಿದು ಬಂದ ರಾತ್ರಿ ತನ್ನ ಅಂಗೈ ಒಡೆದು ರಕ್ತ ಬಂದಿದ್ದರೂ ಅವನ ಕಾಲು ಒತ್ತಿದಳು. ಋಣ ತೀರಿಸುವವರ ಹಾಗೆ ಒತ್ತಿದಳು.

ಮರುದಿನ ಮೊದಲ ಬಸ್ಸು. ಹೊಟ್ಟೆಯಲ್ಲಿ ಏನೂ ಇರಬಾರದು ಎಂದಿದ್ದರು, ನೀರು ಸಹ. ಯಶೋಧಾ ಕಿಟಕಿ ಪಕ್ಕ ಕುಳಿತು ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಸಿರು ಬಣ್ಣದ ಫೈಲು. ದಪ್ಪಗೆ ಉಬ್ಬಿತ್ತು. ಮಳೆಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಳೆಯ ಸೀರೆಯ ತುಂಡು. ಮನೆಯಲ್ಲಿ ಅದು ಬುದ್ಧನ ಫೋಟೊದ ಕೆಳಗಿನ ಗೂಟಕ್ಕೆ ತೂಗುತ್ತಿತ್ತು. ಒಮ್ಮೆ ಆಶಾ ಕಾರ್ಯಕರ್ತೆ ಬಂದವಳು "ತೋರಸ್ರಿ, ಏನ ಬರದಾರ ನೋಡೂಣು" ಅಂದಾಗ ಪ್ರೇಮಕುಮಾರ ಅವಳ ಕೈಯಿಂದ ಕಸಿದುಕೊಂಡಿದ್ದ. "ಹೆಣ್ಣಿನ ಮಾನದ ಕಾಗದ ಅವು. ಕಂಡಕಂಡವರಿಗೆ ತೋರಸಬಾರದು," ಅಂದಿದ್ದ. ಅದಕ್ಕೂ ಯಶೋಧಾ ಗಂಡನ ಮುಖ ನೋಡಿ ಕಣ್ಣು ತುಂಬಿಕೊಂಡಿದ್ದಳು.

ಏಳನೆಯ ಇಯತ್ತೆವರೆಗೆ ಸಾಲಿ ಕಲಿತಿದ್ದಳು ಅವಳು. ಕನ್ನಡ ಓದುತ್ತಿದ್ದಳು. ಫೈಲಿನಲ್ಲಿ ಇದ್ದದ್ದೆಲ್ಲ ಇಂಗ್ಲಿಷ್.

ಇವತ್ತು ಹೊಟ್ಟೆಗೆ ತೂತು ಹಾಕಿ ದುರ್ಬೀನು ಬಿಟ್ಟು ನೋಡುವವರಿದ್ದರು. ಇದು ಮೂರನೆಯ ಸಲ. ಹಿಂದಿನ ಎರಡು ಸಲದ ಗೀರು ಹೊಕ್ಕುಳ ಹತ್ತಿರ ಇನ್ನೂ ಇದ್ದವು. ಎರಡನೆಯ ಸಲ ಹೊಲಿಗೆ ಹಾಕಿದ ಹನ್ನೆರಡನೆಯ ದಿನಕ್ಕೆ ಅವಳು ಕಬ್ಬಿನ ಗಾಡಿಗೆ ಹೊರೆ ಏರಿಸಿದ್ದಳು. ಗಂಡ ಹೆಂಡತಿ ಸೇರಿದರೆ ಕಬ್ಬು ಕಡಿಯಲು ಆಳು ಒಯ್ಯುವ ಮುಕಾದಮನ ಲೆಕ್ಕದಲ್ಲಿ ಒಂದು ಕೊಯ್ತಾ. ಒಬ್ಬರು ಬರದಿದ್ದರೆ ಅರ್ಧ ಕೊಯ್ತಾ. ಅರ್ಧ ಕೊಯ್ತಾ ಯಾರಿಗೂ ಬೇಡ.

ದವಾಖಾನೆಯ ಕಟ್ಟೆಯ ಮೇಲೆ ಆಗಲೇ ಹತ್ತು ಹನ್ನೆರಡು ಹೆಂಗಸರು. ಎಲ್ಲರ ತೊಡೆಯ ಮೇಲೂ ಒಂದೊಂದು ಹಸಿರು ಫೈಲು. ಮಕ್ಕಳಿರಬೇಕಾದ ಜಾಗದಲ್ಲಿ ಫೈಲು ಇಟ್ಟುಕೊಂಡು ಕೂತಿದ್ದರು. ಗಂಡಸರು ಹೊರಗೆ ಚಹಾದಂಗಡಿಯಲ್ಲಿ. ಪ್ರೇಮಕುಮಾರನೂ ಅಲ್ಲಿಗೇ ಹೋದ.

"ಬಾ ಯವ್ವಾ, ಕೂಡು," ಎಂದು ಸರಿದು ಜಾಗ ಕೊಟ್ಟವಳು ಸುಗ್ರಾ. ಇಂಡಿಯಿಂದ ಬರುವವಳು. ನಾಲ್ಕು ವರ್ಷದ ಪರಿಚಯ. ಈ ಕಟ್ಟೆಯ ಪರಿಚಯ. "ಇವತ್ತ ನಿಂದು ದುರ್ಬೀನ ಏನು? ನಂದು ಬರೇ ಸೂಜಿ. ಚುಚ್ಚಿ ಚುಚ್ಚಿ ನನ್ನ ಕುಂಡಿ ಜ್ವಾಳದ ರೊಟ್ಟಿ ಆಗೈತಿ ನೋಡು, ಎಲ್ಲಾ ಕಡೆ ಕಲಿ."

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಯಶೋಧಾಳೂ ನಕ್ಕಳು.

ಆಗ ಒಬ್ಬ ಹುಡುಗಿ ಬಂದಳು. ಬಿಳಿ ಕೋಟು, ಕೈಯಲ್ಲಿ ಕಾಗದದ ಕಟ್ಟು. ಹೆಸರು ಸುನೀತಾ ಎಂದಳು. ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಚಿಕಿತ್ಸೆಯಿಂದ ಹೆಣ್ಣುಮಕ್ಕಳಿಗೆ ತೃಪ್ತಿ ಇದೆಯೋ ಇಲ್ಲವೋ ಕೇಳಿ ಬರೆದುಕೊಂಡು ಬರಬೇಕೆಂದು ಕಾಲೇಜಿನವರು ಕಳಿಸಿದ್ದರು.

"ಒಂದೊಂದು ವಿಷಯಕ್ಕ ಐದಕ್ಕ ಎಷ್ಟು ಕೊಡತೀರಿ ಅಂತ ಹೇಳ್ರಿ ಅಕ್ಕಾರ. ಒಂದು ಅಂದ್ರ ಭಾಳ ಕೆಟ್ಟ. ಐದು ಅಂದ್ರ ಭಾಳ ಚಲೋ. ಅಂಜಬ್ಯಾಡ್ರಿ. ನಿಮ್ಮ ಹೆಸರು ಯಾರಿಗೂ ಗೊತ್ತಾಗೂದಿಲ್ಲ."

ಹೆಸರು ಗೊತ್ತಾಗುವುದಿಲ್ಲ ಎನ್ನುವಾಗ ದವಾಖಾನೆಯ ಸಿಸ್ಟರ್ ಕಾವೇರಿ ಅವಳ ಬೆನ್ನ ಹಿಂದೆಯೇ ಕೈಕಟ್ಟಿ ನಿಂತಿದ್ದಳು.

"ಐದಕ್ಕ ಐದು ಬರಕೊ ನಂದು," ಅಂದಳು ಸುಗ್ರಾ. "ಸಾಲ್ಯಾಗ ಮಾಸ್ತರ ನನಗ ಒಂದಿನಾನೂ ಐದಕ್ಕ ಐದು ಕೊಡಲಿಲ್ಲ. ನಾ ಕೊಡತೇನಿ ತಗೊ, ನನ್ನ ಗಂಟೇನು ಹೋಗೂದು."

ಸಿಸ್ಟರ್ ಅತ್ತ ಹೋದ ಮೇಲೆ ಸುಗ್ರಾ ಯಶೋಧಾಳ ಕಿವಿಯಲ್ಲಿ ಹೇಳಿದಳು. "ಕಮ್ಮಿ ಕೊಟ್ರ ಸೂಜಿ ಜೋರ ಚುಚ್ಚತಾಳ ಆಕಿ. ಮತ್ತ ಕೂಸು ಕೊಡೋ ಕೈಗೆ ಬೈಬಾರದು. ಹೌದಿಲ್ಲ?"

ಯಶೋಧಾಳ ಸರದಿ ಬಂತು.

"ತಪಾಸಣಿ ಮಾಡುವಾಗ ನಿಮ್ಮ ಮಾನ ಕಾಯತಾರೇನಕ್ಕಾ? ಪರದಾ ಎಳೀತಾರೇನು?"

"ಐದು."

ಪರದೆ ಇತ್ತು. ಎರಡು ವರ್ಷದಿಂದ ಅದರ ಕೊಂಡಿ ಕಿತ್ತಿತ್ತು. ಒಳಗಿನ ಸ್ಕ್ಯಾನಿಗೆ ಒಬ್ಬಳು ಮಂಚದ ಮೇಲೆ ಮಲಗಿದ್ದರೆ ಮುಂದಿನವಳು ಗೋಡೆಗೆ ಆನಿ ಸೀರೆ ಎತ್ತಿಕೊಂಡು ಸಿದ್ಧವಾಗಿ ನಿಂತಿರಬೇಕು. ಹೊತ್ತು ಉಳಿಯುತ್ತದೆ. ಒಮ್ಮೆ ಬಲ್ಬು ಹಾಕುವವನು ಏಣಿ ತಂದು ನಿಲ್ಲಿಸಿದ್ದ. ಅವನನ್ನು ಯಾರೂ ಹೊರಗೆ ಹೋಗು ಅನ್ನಲಿಲ್ಲ.

"ಏನ ಮಾಡತೇವಿ ಅಂತ ಮೊದಲ ತಿಳಿಸಿ ಹೇಳತಾರೇನು?"

"ಐದು."

ಸೀರಿ ಎತ್ತು. ಕಾಲ ಅಗಲ ಮಾಡು. ಉಸಿರು ಬಿಡು. ಅಲುಗಾಡಬ್ಯಾಡ. ಆರು ವರ್ಷದಲ್ಲಿ ಅವಳಿಗೆ ತಿಳಿಸಿ ಹೇಳಿದ್ದು ಇಷ್ಟು.

"ನೋವಾದ್ರ ಸಮಾಧಾನ ಮಾಡತಾರೇನು?"

ಯಶೋಧಾ ಸ್ವಲ್ಪ ತಡೆದಳು. ಹೊಟ್ಟೆಯೊಳಗೆ ನಳಿಗೆ ಬಿಟ್ಟು ಬಣ್ಣದ ನೀರು ತುಂಬಿ ಫೋಟೊ ತೆಗೆದ ದಿನ ಅವಳು ಚೀರಿದ್ದಳು. ಸಿಸ್ಟರ್ ಕಾವೇರಿ ತೊಡೆಯ ಮೇಲೆ ಹೊಡೆದು, "ಗಂಡನ ಹಂತ್ಯಾಕ ಮಲಗುವಾಗ ಹೀಂಗ ಚೀರತಿಯೇನು?" ಅಂದಿದ್ದಳು. ಕೋಣೆಯಲ್ಲಿದ್ದವರು ನಕ್ಕಿದ್ದರು. ಅವತ್ತು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದು, ಸಂಜೆ ಹೊಲದಲ್ಲಿ ಉಳಿದ ನಾಲ್ಕು ಸಾಲು ಕಳೆ ತೆಗೆದಿದ್ದಳು. ಕಾಲುಗಳ ನಡುವೆ ಬಟ್ಟೆ ತೊಯ್ಯುತ್ತಿತ್ತು.

"ಐದು," ಅಂದಳು.

ಸುನೀತಾ ಮೊದಲ ಪುಟಕ್ಕೆ ವಾಪಸ್ಸಾದಳು. ಅಲ್ಲಿ ಒಂದು ಖಾಲಿ ಉಳಿದಿತ್ತು. "ತೊಂದರಿ ಯಾರದಕ್ಕಾ? ಹೆಂಡತಿದು, ಗಂಡಂದು, ಇಬ್ರುದು. ಯಾವುದಕ್ಕ ಗುರುತು ಹಾಕಲಿ?"

"ನಂದರಿ."

"ಏನ ತೊಂದರಿ ಅಂತ ಹೇಳ್ಯಾರ?"

"ಅದೆಲ್ಲ ಏನ ಹೇಳತಾರಬೇ. ಬಂಜಿ ಅಂದ್ರ ಬಂಜಿ."

"ಹಾಂಗ ಬರದ್ರ ನಮ್ಮ ಮೇಡಂ ಬೈತಾರ. ಫೈಲ ಕೊಡ್ರಿ, ನೋಡಿ ಬರಕೋತೇನಿ."

ಯಶೋಧಾ ಸೀರೆಯ ತುಂಡು ಬಿಚ್ಚಿ, ಚೀಲ ಬಿಚ್ಚಿ, ಫೈಲು ಕೊಟ್ಟಳು. ಹುಡುಗಿ ಹಾಳೆ ತಿರುವುತ್ತ ಹೋದಳು. ಒಂದೊಂದು ಹಾಳೆ ನೋಡಿದಾಗಲೂ "ಇದು ಚಲೋ ಐತಿ, ಇದೂ ಚಲೋ ಐತಿ" ಎಂದು ತನ್ನಷ್ಟಕ್ಕೆ ಗುಣುಗುಟ್ಟಿದಳು. ಕಟ್ಟಕಡೆಯಲ್ಲಿ ಎರಡು ಹಾಳೆ ಮಡಚಿ ಪಿನ್ನು ಹೊಡೆದಿದ್ದವು. ಪಿನ್ನು ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚಿದಳು.

"ಅಲ್ಲಕ್ಕಾ," ಅಂದಳು, ಪೆನ್ನು ತೆರೆಯುತ್ತ, "ತೊಂದರಿ ನಿಮ್ದಲ್ಲಲಾ. ನಿಮ್ಮ ಯಜಮಾನರದು. ಎರಡು ಸಲ ತಪಾಸಣಿ ಮಾಡ್ಯಾರ. ಎರಡೂ ಸಲ ವೀರ್ಯಾಣು ಒಂದೂ ಇಲ್ಲ ಅಂತ ಬರದಾರ. ಆರು ವರ್ಷದ ಹಿಂದಿನ ತಾರೀಖ ಐತಿ."

ಹೇಳಿ ಮುಗಿಸಿದ ಮೇಲೆ ಅವಳು ತಲೆ ಎತ್ತಿದಳು. ಯಶೋಧಾಳ ಮುಖ ನೋಡಿದಳು. ಪೆನ್ನು ಕೈಯಲ್ಲೇ ನಿಂತಿತು.

"ನಿಮಗ... ನಿಮಗ ಗೊತ್ತಿತ್ತಲ್ಲ ಅಕ್ಕಾ?"

ಯಶೋಧಾ ಕೈ ಚಾಚಿ ಹಾಳೆ ಇಸಿದುಕೊಂಡಳು. ಇಂಗ್ಲಿಷ್ ಅಕ್ಷರ. ಮೇಲೆ ಗಂಡನ ಹೆಸರು ಇರಬೇಕು. ಕೆಳಗೆ ಗೆರೆ ಎಳೆದ ಪಟ್ಟಿ. ಪಟ್ಟಿಯಲ್ಲಿ ಒಂದು ಅಂಕಿ. ಅದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ಬಸ್ಸಿನ ನಂಬರಿನಲ್ಲಿ, ಹೊರೆಯ ಲೆಕ್ಕದಲ್ಲಿ ದಿನಾ ನೋಡುವ ಅಂಕಿ.

"ಇದು ಸೊನ್ನಿ ಅಲ್ಲೇನು?"

"ಹೌದಕ್ಕಾ."

"ಇನ್ನೊಂದ ಹಾಳಿಮ್ಯಾಲಿಂದೂ?"

"ಅದೂ ಸೊನ್ನಿನ."

ಆರು ವರ್ಷ ಅದನ್ನು ಅವಳೇ ಹೊತ್ತು ತಿರುಗಿದ್ದಳು. ಮಳೆಗೆ ನೆನೆಯದ ಹಾಗೆ. ಅಂಚು ಹರಿಯದ ಹಾಗೆ.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬರಲಿಲ್ಲ. ಹಲ್ಲು ಕೀಳುವಾಗ ಸೂಜಿ ಕೊಟ್ಟ ದವಡೆಯ ಹಾಗೆ ಮೈಯೆಲ್ಲ ದಪ್ಪಗಾಗಿತ್ತು. ಮುಟ್ಟಿದರೆ ಇದೆ ಅನ್ನುವುದು ತಿಳಿಯುತ್ತದೆ, ತನ್ನದು ಅನ್ನಿಸುವುದಿಲ್ಲ. ಅವಳು ಹಾಳೆ ಹಿಡಿದು ಕೂತೇ ಇದ್ದಳು. ಸುಗ್ರಾ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಆಲಮೇಲದ ಯಶೋಧಾ!" ಸಿಸ್ಟರ್ ಕಾವೇರಿಯ ದನಿ. "ಒಳಗ ಬಾ. ಸೀರಿ ಬಿಚ್ಚಿ ಹಸಿರು ಅಂಗಿ ಹಾಕ್ಕೊ. ಬಳಿ ತಗಿ. ಇಲ್ಲಿ ಸಹಿ ಮಾಡು."

ಸಹಿಯ ಕಾಗದದಲ್ಲಿ ಗಂಡನ ಸಹಿ ಆಗಿತ್ತು. ಅವಳ ಜಾಗ ಖಾಲಿ ಇತ್ತು. ಸಿಸ್ಟರ್ ಪೆನ್ನು ಕೊಟ್ಟಳು. ಯಶೋಧಾ ಪೆನ್ನು ಹಿಡಿದುಕೊಂಡಳು. ಅಂಗಿಯನ್ನೂ ಹಿಡಿದುಕೊಂಡಳು. ಎರಡನ್ನೂ ಮೇಜಿನ ಮೇಲೆ ಇಟ್ಟಳು.

"ಒಲ್ಲೆ."

"ಏನ ಒಲ್ಲೆ? ಹೊತ್ತಾಗೈತಿ, ಡಾಕ್ಟರಬಾಯಾರು ಕೈ ತೊಳ್ಕೊಂಡ ನಿಂತಾರ."

"ಒಲ್ಲೇರಿ. ಸೀರಿ ಬಿಚ್ಚೂದಿಲ್ಲ."

ಡಾಕ್ಟರಬಾಯಿ ಹೊರಗೆ ಬಂದಳು. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು, ಯಾವುದಕ್ಕೂ ತಾಗಬಾರದೆಂದು. ಯಶೋಧಾ ಆ ಹಾಳೆಯನ್ನು ಅವಳ ಮುಂದೆ ಹಿಡಿದಳು. ಡಾಕ್ಟರಬಾಯಿ ಹಾಳೆ ನೋಡಿದಳು, ಸುನೀತಾಳನ್ನು ನೋಡಿದಳು. ಸುನೀತಾ ಗೋಡೆಗೆ ಅಂಟಿದಳು.

"ನೋಡಮ್ಮಾ, ನಿನ್ನ ಗಂಡನೇ ಕೇಳಿಕೊಂಡಿದ್ದ. ಹೆಂಡತಿಗೆ ಹೇಳಬೇಡಿ, ಮನೆ ಮುರಿಯುತ್ತೆ ಅಂತ ಅತ್ತಿದ್ದ. ಗಂಡಸು ಅಷ್ಟು ಅತ್ತರೆ ಏನು ಮಾಡೋದು? ನಿನ್ನ ಸಂಸಾರ ಉಳೀಲಿ ಅಂತ ಸುಮ್ಮನಾದೆ."

"ಅದು ಅವರ ಮಾತಾತ್ರಿ. ನನ್ನ ಹೊಟ್ಯಾಗ ಏನ ಹುಡಿಕಿದ್ರಿ ಬಾಯಾರ? ಎರಡು ಸಲ ತೂತು ಹಾಕಿದ್ರಿ. ಏನ ಸಿಕ್ತು?"

"ಏನೂ ಸಿಗಲಿಲ್ಲ. ಎಲ್ಲ ನಾರ್ಮಲ್ ಇತ್ತು."

"ಅದನ್ನರ ಹೇಳಬೇಕಿತ್ತಲ್ರಿ," ಅಂದಳು ಯಶೋಧಾ. ದನಿ ಏರಲಿಲ್ಲ. "ಚಲೋ ಅದಿ ಯವ್ವಾ, ನೀ ಬಂಜಿ ಅಲ್ಲ. ಇಷ್ಟ ಹೇಳಿದ್ರ ನಾ ನಡಕೋತ ಊರಿಗೆ ಹೋಗತಿದ್ದೆ."

ಡಾಕ್ಟರಬಾಯಿ ಎತ್ತಿದ ಕೈ ಇಳಿಸಲಿಲ್ಲ. "ನೀವು ಹೆಣ್ಣುಮಕ್ಕಳು ಬಂದು ಕೂಡ್ತೀರಿ. ಏನೂ ಕೊಡದೆ ಕಳಿಸಿದರೆ ನಿಮಗೇ ಸಮಾಧಾನ ಇರಲ್ಲ," ಅಂದಳು. ಹೇಳಿ ಒಳಗೆ ಹೋದಳು.

ಯಾರೋ ಹೇಳಿ ಕಳಿಸಿರಬೇಕು, ಪ್ರೇಮಕುಮಾರ ಓಡಿ ಬಂದ. ಅವಳ ಕೈಯಲ್ಲಿನ ಹಾಳೆ ನೋಡಿದ. ತುಕ್ಕು ಹಿಡಿದ ಪಿನ್ನು ನೋಡಿದ. ಕೇಳಬೇಕಾದ್ದೇನೂ ಉಳಿಯಲಿಲ್ಲ ಅವನಿಗೆ.

"ಮನಿಗೆ ಹೋಗಿ ಮಾತಾಡೂಣು ನಡಿ. ಇಲ್ಲಿ ಮಂದಿ ಅದಾರ."

"ಆರು ವರ್ಷ ಸೀರಿ ಎತ್ತಿದ್ದು ಇದ ಮಂದ್ಯಾಗರಿ," ಅಂದಳು ಯಶೋಧಾ. "ಮಾತೂ ಇಲ್ಲೇ ಆಗಲಿ."

"ನಾ ನಿನ್ನ ಬಿಟ್ಟೇನೇನು? ಅವ್ವ ಅಷ್ಟ ಹೇಳಿದ್ರೂ ಇನ್ನೊಂದ ಮಾಡ್ಕೊಂಡೇನೇನು?"

"ಮಾಡ್ಕೊಂಡಿದ್ರ ಆಕಿನ್ನೂ ಇಲ್ಲೇ ಕರ್ಕೊಂಡ ಬರತಿದ್ರಿ."

ಅವನು ಗೋಡೆಯ ಕಡೆ ತಿರುಗಿದ. ಭುಜ ಅಲ್ಲಾಡಿದವು. ಆರು ವರ್ಷದ ಹಿಂದೆ ಇಲ್ಲಿಯೇ ಹೀಗೇ ಅತ್ತಿರಬೇಕು, ಅಂದುಕೊಂಡಳು. ಆ ಅಳುವಿನ ಮೇಲೆ ತನ್ನ ಹೊಟ್ಟೆಯ ಎರಡು ಗೀರು. ನೋಡಿದಳು. ಅಯ್ಯೋ ಅನ್ನಿಸಲಿಲ್ಲ.

ಅವಳು ಸುನೀತಾಳ ಹತ್ತಿರ ಹೋದಳು.

"ನಾ ಹೇಳಿದ್ದು ಬರದಿಯಲ್ಲ ತಂಗೀ, ಐದು ಐದು ಅಂತ. ಅವನ್ನ ಹೊಡದಹಾಕು. ಸೊನ್ನಿ ಬರಿ."

ಹುಡುಗಿಯ ಕಣ್ಣು ತುಂಬಿತ್ತು. "ಅಕ್ಕಾ, ಇದರಾಗ ಒಂದರಿಂದ ಐದರ ತನಕಾ ಅಷ್ಟ ಐತಿ. ಸೊನ್ನಿಗೆ ಜಾಗ ಇಲ್ಲ."

"ಜಾಗ ಮಾಡು."

ಸುನೀತಾ ಸಿಸ್ಟರ್ ಕಾವೇರಿಯ ಮುಖ ನೋಡಿದಳು. ಸಿಸ್ಟರ್ ಬೇಡ ಎಂಬಂತೆ ಕಣ್ಣು ಬಿಟ್ಟಳು. ಹುಡುಗಿ ತಲೆ ತಗ್ಗಿಸಿದಳು. ಪಟ್ಟಿಯ ಗೆರೆಯ ಆಚೆ, ಹಾಳೆಯ ಅಂಚಿನಲ್ಲಿ, ಉದ್ದಕ್ಕೂ ಸೊನ್ನೆ ಬರೆಯುತ್ತ ಹೋದಳು. ಪರದೆಗೆ ಸೊನ್ನೆ. ತಿಳಿಸಿ ಹೇಳಿದ್ದಕ್ಕೆ ಸೊನ್ನೆ. ಸಮಾಧಾನಕ್ಕೆ ಸೊನ್ನೆ.

"ನನ್ನ ಹೆಸರೂ ಬರಿ," ಅಂದಳು ಯಶೋಧಾ. "ಗೊತ್ತಾಗಲಿ."

ಫೈಲು ಕಟ್ಟಿಕೊಂಡು ಅವಳು ಕಟ್ಟೆಯ ಮುಂದೆ ಹಾದು ಹೋಗುವಾಗ ಸುಗ್ರಾ ಎದ್ದು ನಿಂತಿದ್ದಳು. ತನ್ನ ಹಸಿರು ಫೈಲನ್ನು ಎರಡೂ ಕೈಯಲ್ಲಿ ಹುಡುಗಿಯ ಮುಂದೆ ಚಾಚಿದ್ದಳು. ನಗೆಚಾಟಿಕೆ ಇರಲಿಲ್ಲ ಮುಖದಲ್ಲಿ.

"ನಂದರಾಗ ಏನ ಬರದಾರ ಓದವ್ವಾ. ಜೋರ ಓದು."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಮುದ್ದೇಬಿಹಾಳದ ಕಡೆಯವಳು, ಆರು ತಿಂಗಳಿಂದ ಬರುತ್ತಿದ್ದರೂ ಯಾರ ಜೊತೆಯೂ ಮಾತಾಡಿರಲಿಲ್ಲ. ಅವಳೂ ಫೈಲಿನ ದಾರ ಬಿಚ್ಚುತ್ತಿದ್ದಳು.

ಯಶೋಧಾ ನಿಂತು ನೋಡಲಿಲ್ಲ. ಹಸಿವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಗ್ಲಾಸು ನೀರು ಕುಡಿದಳು. ಒಂದು ತಟ್ಟೆ ಚುರಮುರಿ ಸೂಸಲಾ ಕೊಂಡು ನಿಂತುಕೊಂಡೇ ತಿಂದಳು. ಒಂಬತ್ತು ವರ್ಷದಲ್ಲಿ ಗಂಡನಿಗಿಂತ ಮೊದಲು ಉಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ಕುಳಿತ.

ಮನೆಯಲ್ಲಿ ಸುಂದರವ್ವ ಕೇಳಿದಳು. "ಇಷ್ಟ ಲಗೂನ ಬಂದ್ರಿ?"

"ಡಾಕ್ಟರಬಾಯಿ ಇರಲಿಲ್ಲ," ಅಂದ ಪ್ರೇಮಕುಮಾರ.

ಯಶೋಧಾ ಅವನ ಮುಖ ನೋಡಿದಳು. ಅವನು ನೋಡಲಿಲ್ಲ. ಅವಳು ಫೈಲನ್ನು ಗೂಟಕ್ಕೆ ಹಾಕಲಿಲ್ಲ. ಕೋಳಿ ಮುಚ್ಚುವ ಬುಟ್ಟಿಯ ಪಕ್ಕ ನೆಲದ ಮೇಲೆ ಇಟ್ಟಳು. ರೊಟ್ಟಿ ಬಡಿದಳು. ಅವನು ಉಂಡ ತಟ್ಟೆ ಅವನ ಮುಂದೆಯೇ ಉಳಿಯಿತು. ಬೆಳಗಾದ ಮೇಲೂ ಅಲ್ಲೇ ಇತ್ತು, ಅಂಚಿಗೆ ಇರುವೆ ಹತ್ತಿದ್ದವು.

ಬೆಳಿಗ್ಗೆ ಹೊಲದಲ್ಲಿ ಹದ ಚೆನ್ನಾಗಿತ್ತು. ಎರೆ ಮಣ್ಣು ಹಿಡಿದರೆ ಉಂಡೆ, ಬಿಟ್ಟರೆ ಪುಡಿ. ಬದುವಿನ ಆಚೆ ರಾವಸಾಬನ ಹೊಲದಲ್ಲಿಯೂ ಕೂರಿಗೆ ನಡೆದಿತ್ತು. ಅವನ ಹೆಂಡತಿ, ಸೊಸೆ, ಆಳು ಕಾಳಪ್ಪ, ಎಲ್ಲ ಅಲ್ಲಿದ್ದರು. ಪ್ರೇಮಕುಮಾರ ಎತ್ತು ಹೂಡಿದ. ಸುಂದರವ್ವ ಕೂರಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬೀಜದ ಬುಟ್ಟಿಯ ಕಡೆ ತಿರುಗಿದಳು.

ಬುಟ್ಟಿಯ ಮುಂದೆ ಯಶೋಧಾ ಕೂತಿದ್ದಳು. ಸೆರಗು ಬಿಗಿದು ಉಡಿ ಕಟ್ಟಿದ್ದಳು. ಎರಡೂ ಕೈ ತುಂಬಿ ತುಂಬಿ ತೊಗರಿಯನ್ನು ಉಡಿಗೆ ಹಾಕಿಕೊಳ್ಳುತ್ತಿದ್ದಳು.

ಸುಂದರವ್ವ ಚೀರಿದಳು. "ಏ ಹುಡುಗಿ! ಏನ ಮಾಡಾಕತ್ತಿ? ತಲಿ ನೆಟ್ಟಗೈತೇನು? ಬಂಜಿ ಕೈ ಬ್ಯಾಡ ಬೀಜಕ್ಕ!"

ರಾವಸಾಬನ ಕೂರಿಗೆ ನಿಂತಿತು. ಅಲ್ಲಿಯ ಹೆಂಗಸರು ಹಣೆಗೆ ಕೈ ಅಡ್ಡ ಹಿಡಿದು ಇತ್ತ ನೋಡಿದರು.

ಯಶೋಧಾ ಎದ್ದಳು. ಉಡಿ ಭಾರವಾಗಿತ್ತು. ಬೀಜ ಹೊಟ್ಟೆಗೆ, ಜಡ್ಡುಗಟ್ಟಿದ ಆ ಎರಡು ಗೀರಿಗೆ, ತಣ್ಣಗೆ ಒತ್ತಿತು. ಕೂರಿಗೆಯ ಹಿಂದೆ ಹೋಗಿ ನಿಂತಳು. ಗಂಡನ ಬೆನ್ನಿಗೆ ಹೇಳಿದಳು.

"ಹೇಳ್ರಿ."

ಪ್ರೇಮಕುಮಾರ ಬಾರುಕೋಲು ಎತ್ತಿದ. ಎತ್ತು ಹೆಜ್ಜೆ ಇಟ್ಟವು. ಯಶೋಧಾ ಕೂರಿಗೆಯ ದಿಂಡನ್ನು ಎರಡೂ ಕೈಯಿಂದ ಹಿಡಿದು ಕಾಲು ಊರಿದಳು. ಹೊರೆ ಹೊತ್ತ ಕೈ. ಕೂರಿಗೆ ಕದಲಲಿಲ್ಲ. ಎತ್ತು ನಿಂತವು.

"ಮೊದಲ ಬೀಜ ನೋಡಬೇಕು, ಆಮ್ಯಾಲ ನೆಲಕ್ಕ ಬೈಬೇಕು. ನಿಮ್ಮದ ಮಾತರಿ. ಹೇಳ್ರಿ."

"ಮನ್ಯಾಗ ಹೇಳತೇನಿ. ಆಣಿ ಮಾಡತೇನಿ. ಮನ್ಯಾಗ."

"ಬಂಜಿ ಅಂದದ್ದು ಹೊಲದಾಗ."

"ಏನ ಹೇಳೂದೋ? ಏನ ನಡದೈತಿ?" ಸುಂದರವ್ವ ಮಗನ ಮುಖ ನೋಡಿದಳು. ಸೊಸೆಯ ಮುಖ ನೋಡಿದಳು. ಮತ್ತೆ ಮಗನ ಮುಖ ನೋಡಿದಳು. ಈ ಸಲ ಬಹಳ ಹೊತ್ತು ನೋಡಿದಳು. ಬಿಸಿಲು ಏರುತ್ತಿತ್ತು. ಹದ ಆರುತ್ತಿತ್ತು. ಆರಿದರೆ ಈ ಮಳೆ ಹೋಯಿತು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಯಶೋಧಾಳಿಗೂ ಗೊತ್ತು. ಅವಳು ದಿಂಡು ಬಿಡಲಿಲ್ಲ.

ಕಡೆಗೆ ಅವನು ಹೇಳಿದ. ಎತ್ತಿನ ಬಾಲಕ್ಕೆ ಹೇಳಿದ ಹಾಗೆ ಹೇಳಿದ.

"ಕೇಳಸಲಿಲ್ರಿ," ಅಂದಳು ಯಶೋಧಾ. "ಅತ್ತಿಯವರಿಗೆ ಕಿವಿ ಮಂದ ಆಗ್ಯಾವ. ಜೋರ ಹೇಳ್ರಿ."

"ತೊಂದರಿ ನಂದೈತಿ ಅವ್ವಾ!" ಪ್ರೇಮಕುಮಾರ ಒದರಿದ. "ಆಕಿದಲ್ಲ! ಆರು ವರ್ಷ ಆತು ನನಗ ಗೊತ್ತಾಗಿ! ಆಕಿದೇನೂ ಇಲ್ಲ!"

ಬದುವಿನ ಆಚೆ ರಾವಸಾಬನ ಹೆಂಡತಿ ಹಣೆಯ ಮೇಲಿನ ಕೈ ಇಳಿಸಿದಳು. ಸುಂದರವ್ವ ಒಡೆದ ಕಾಯಿಯ ಪಕ್ಕ ಮಣ್ಣಿನ ಮೇಲೆ ಕುಕ್ಕರಿಸಿದಳು.

ಯಶೋಧಾಳಿಗೆ ಖುಷಿಯಾಗಲಿಲ್ಲ. ಹಗುರವೂ ಆಗಲಿಲ್ಲ. ದಿಂಡು ಬಿಟ್ಟಳು. ಅಂಗೈಯಲ್ಲಿ ಕಟ್ಟಿಗೆಯ ಗುರುತು ಕೆಂಪಗೆ ಮೂಡಿತ್ತು. ಆ ಕೈಯನ್ನು ಉಡಿಯೊಳಗೆ ಇಳಿಸಿದಳು. ಹಿಡಿ ತುಂಬಿತು.

"ಹೊಡೀರಿ ಎತ್ತು," ಅಂದಳು.